ನುಂಗದ ಗುಟುಕು

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಊಟವೇ ಇಳಿಯದವನು ಚಹಾದ ರುಚಿ ಏನು ನೋಡಿಯಾನು ಎಂದು ನಿವೃತ್ತಿಯ ಕಾಗದ ಕಳಿಸಿದ್ದೀರಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನಗೆ ಬಾಯಿಗೆ ಬಂದದ್ದು ಕೆಳಗಿಳಿಯುವುದಿಲ್ಲ, ಅಷ್ಟೇ. ಅನ್ನನಾಳ ಕಿರಿದಾಗಿದೆ. ಅದಕ್ಕೇ ಡಾಕ್ಟರು ನೇರವಾಗಿ ಹೊಟ್ಟೆಗೇ ಒಂದು ಕೊಳವೆ ಹಾಕಿದ್ದಾರೆ. ನನ್ನವಳು ಅದರಲ್ಲಿ ನೀರಾದ ಆಹಾರವನ್ನು ನಿಧಾನವಾಗಿ ಬಿಡುತ್ತಾಳೆ. ಆಮೇಲೆ ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂತಿರಬೇಕು. ಆಗ ಕಣ್ಣಿಗೆ ಮಂಪರು ಹತ್ತಿ, ಚಹಾದ ರುಚಿ ನೋಡುವ ನಮ್ಮ ಉದ್ದನೆಯ ಮೇಜು ತೇಲಿ ಬರುತ್ತದೆ. ಸಾಲು ಬಿಳಿ ಬಟ್ಟಲುಗಳಿಂದ ಹಬೆ ಏಳುತ್ತದೆ, ನಾನು ಅದರೊಳಗೆ ನಡೆಯುತ್ತಿರುತ್ತೇನೆ.

ಸಾಹೇಬರೇ, ಮೂವತ್ತು ವರ್ಷ ನಾನು ಚಹಾ ಹೀರಿ, ಉಗುಳಿ, ದರ್ಜೆ ಹೇಳಿದವನು. ಅಲ್ಲಿ ಒಂದು ಗುಟುಕನ್ನೂ ನುಂಗಿಲ್ಲ. ಹೀರಿ ಉಗುಳಲು ಅಡ್ಡಿಯಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಜೊತೆಗಿದೆ. ಕಿಟಕಿ ಪಕ್ಕದ ನನ್ನ ಜಾಗ, ಪೀಕದಾನಿ ಹಾಗೇ ಇರಲಿ.

ನಾನು ನುಂಗುತ್ತಿದ್ದದ್ದು ಸಂಜೆ ಮನೆಯಲ್ಲಿ, ನನ್ನವಳ ಎದುರು ಕೂತು ಕುಡಿಯುತ್ತಿದ್ದ ಒಂದೇ ಲೋಟ. ಈಗ ಅವಳು ಪರಿಮಳ ನನಗೆ ಬಾರದಿರಲೆಂದು ಚಹಾ ತಣ್ಣಗಾಗಲು ಬಿಟ್ಟು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಡಿಯುತ್ತಾಳೆ. ನಾನು ಕೆಲಸಕ್ಕೆ ಬಂದರೆ ಅವಳಾದರೂ ಹೊರಗೆ ಕೂತು ಬಿಸಿಯಾಗಿ ಕುಡಿದಾಳು.

ಇಂತಿ,
ನೀವೆಲ್ಲ ಕರೆಯುವ ಉಗುಳಯ್ಯ