ಹಳ್ಳದ ಸೇತುವೆ ದಾಟುವ ದೀಪ

೨೪ ನವೆಂಬರ್ ೧೯೮೮, ಗುರುವಾರ. ಸಂಜೆ

ರೊಟ್ಟಿ ಬಡಿದು ಮುಗಿಯಿತು. ಎಮ್ಮೆಗೆ ನೀರು ಕುಡಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದೇನೆ. ಇಲ್ಲಿಂದ ಕಾಗವಾಡದ ರಸ್ತೆ ಪೂರ್ತಿ ಕಾಣುತ್ತದೆ — ಹಳ್ಳದ ಸೇತುವೆ, ಆಮೇಲೆ ಹುಣಸೆಮರ, ಆಮೇಲೆ ನಮ್ಮ ತೋಟದ ತಿರುವು. ಎರಡು ದೀಪ ಬಂದರೆ ಲಾರಿ. ಒಂದೇ ಬಂದರೆ ಇವರ ಫಟಫಟಿ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಎಷ್ಟೋ ಸಲ ದೀಪವೇ ಇರುವುದಿಲ್ಲ. ಮೇಲೆ ಕಬ್ಬು ಮಾತ್ರ ಮನೆಯಷ್ಟು ಎತ್ತರ.

ಇವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕೆಲಸ. ಸೀಜನ್ ಮುಗಿಯುವವರೆಗೆ ಕತ್ತಲಾದ ಮೇಲೆಯೇ ಬರುವುದು. ದಸರೆಗೆ ಈ ಸೆಕೆಂಡ್ ಹ್ಯಾಂಡ್ ಮೋಟರ್‌ಸೈಕಲ್ ತಂದರು. ಅಂದಿನಿಂದ ನನಗೆ ಇದೊಂದು ಕೆಲಸ, ದೀಪ ಕಾಯುವುದು.

ಇವತ್ತು ಸೇತುವೆಯ ಗುಂಡಿಯಲ್ಲಿ ದೀಪ ಆರಿತು. ಪೂರ್ತಿ ಕತ್ತಲು. ನಾನು ಕಟ್ಟೆಯಿಂದ ಎದ್ದೆ. ಮತ್ತೆ ಹತ್ತಿತು. ಬಂದವರೇ ನಕ್ಕರು. "ಬಲ್ಬ್ ಸಡಿಲ ಆಗಿರಬೇಕ ಬಿಡು. ಅವ್ವಗ ಹೇಳಬ್ಯಾಡ."

ಹೇಳಲಿಲ್ಲ. ನಾನು ಯಾರಿಗೂ ಏನೂ ಹೇಳುವುದಿಲ್ಲ. ಅದಕ್ಕೇ ಈ ಡೈರಿ ತಂದುಕೊಟ್ಟಿದ್ದು ಇವರು, ಗೊಬ್ಬರದ ಅಂಗಡಿಯಿಂದ. "ಮಾತ ಅಂತೂ ಆಡಂಗಿಲ್ಲ. ಬರದರ ಇಡು." ನಾಲ್ಕನೇ ಇಯತ್ತೆಯವರೆಗೆ ಕಲಿತದ್ದು. ತಪ್ಪಾದರೆ ನೋಡುವವರು ಯಾರು.

೨೭ ನವೆಂಬರ್, ರವಿವಾರ

ಹೊಸ ಬಲ್ಬ್ ಹಾಕಿದರು. ನಿನ್ನೆ ಮತ್ತೆ ಆರಿತು.

ಇವತ್ತು ಅಂಗಳದಲ್ಲಿ ಗಾಡಿ ಬಿಚ್ಚಿದರು. ಬ್ಯಾಟರಿಯ ತುದಿ ಒರೆಸಿದರು. ಫ್ಯೂಸ್ ನೋಡಿದರು, ಸರಿ ಇದೆ. ಆಮೇಲೆ ಬ್ಯಾಟರಿಯಿಂದ ಶುರು ಮಾಡಿ ಒಂದೊಂದೇ ವೈರು ಹಿಡಿದು ಅಲುಗಾಡಿಸುತ್ತ ಮುಂದೆ ಬಂದರು. ದೀಪ ನೋಡುವುದು ನನ್ನ ಕೆಲಸ.

"ಆರ್ತೇನ?"

"ಇಲ್ರಿ."

"ಈಗ?"

"ಇಲ್ರಿ."

"ನೋಡಾಕತ್ತೀಯೋ ನಿದ್ದಿ ಮಾಡಾಕತ್ತೀಯೋ?"

"ನೋಡಾಕತ್ತೇನ್ರಿ..."

ಅಂಗಳದಲ್ಲಿ ಆರುವುದೇ ಇಲ್ಲ. ರಸ್ತೆಯಲ್ಲಿ ಮಾತ್ರ ಆರುತ್ತದೆ. ಜ್ವರ ಬಂದ ಮಗು ಡಾಕ್ಟರ ಮುಂದೆ ನಗುವ ಹಾಗೆ.

೩ ಡಿಸೆಂಬರ್, ಶನಿವಾರ

ಇವತ್ತು ಅಕ್ಷರ ಸೊಟ್ಟ ಆಗುತ್ತಿವೆ.

ಸತ್ತಿ ಊರಿಗೆ ಹೋಗಿದ್ದೆವು, ನನ್ನ ತವರಿಗೆ. ಬರುವಾಗ ಹೊತ್ತು ಮುಳುಗಿತು. ಸೇತುವೆಯ ಮೇಲೆ ಗುಂಡಿಗೆ ಗಾಲಿ ಬಿತ್ತು. ದೀಪ ಹೋಯಿತು. ಅಷ್ಟೇ ಅಲ್ಲ, ಇಂಜಿನ್ ಕೂಡ. ಹಾರ್ನ್ ಒತ್ತಿದರೆ ಅದೂ ಇಲ್ಲ. ಎಲ್ಲ ಒಮ್ಮೆಲೇ ಸತ್ತ ಹಾಗೆ. ಅಷ್ಟು ನಿಶ್ಶಬ್ದ... ಹಿಂದೆ ಟ್ರ್ಯಾಕ್ಟರಿನ ಸದ್ದು ಮಾತ್ರ. ಅದರ ಡ್ರೈವರ್ ಹಾಡು ಹಚ್ಚಿಕೊಂಡಿದ್ದ. ನಾವು ಅವನಿಗೆ ಕಾಣುವುದಿಲ್ಲ.

"ಇಳಿ! ಇಳಿಯೇ!"

ನಾನು ಇಳಿದೆನೋ ಬಿದ್ದೆನೋ ತಿಳಿಯದು. ಇವರು ಗಾಡಿಯನ್ನು ಸೇತುವೆಯ ಕಟ್ಟೆಗೆ ಆನಿಸಿ ನಿಂತರು. ಕಬ್ಬಿನ ಸೋಗೆ ನನ್ನ ಮುಖ ಸವರಿಕೊಂಡು ಹೋಯಿತು. ಟ್ರ್ಯಾಕ್ಟರ್ ನಿಲ್ಲಲೂ ಇಲ್ಲ. ಹಾಡು ದೂರ ಹೋಯಿತು.

ಇವರು ಚಾವಿ ತಿರುವಿದರು. ಏನೂ ಆಗದ ಹಾಗೆ ದೀಪ ಹತ್ತಿತು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

೪ ಡಿಸೆಂಬರ್

ನನ್ನ ಕೆನ್ನೆಯ ಗೀರು ನೋಡಿ ಅತ್ತೆ ಕೇಳಿದರು. ಇವರು ಹೇಳಬೇಕಾಯಿತು.

ಅತ್ತೆ ಕೂತಲ್ಲಿಯೇ ಕೂತರು. ಮಾವನವರನ್ನು ಅದೇ ರಸ್ತೆ ತಿಂದಿದೆ. ಚಕ್ಕಡಿಯ ಮೇಲೆ ಬರುತ್ತಿದ್ದಾಗ ಹಿಂದಿನಿಂದ ಲಾರಿ. ಎತ್ತು ಉಳಿದವು, ಅವರು ಉಳಿಯಲಿಲ್ಲ. ನಾನು ಈ ಮನೆಗೆ ಬರುವ ಮೊದಲಿನ ಮಾತು.

"ಮುರಗೆಪ್ಪ, ಗಾಡಿಗೆ ನೆದರ ಆಗೈತಿ. ಊರ ಮಂದಿ ಕಣ್ಣ ಸುಮ್ನ ಇರತಾವೇನ? ನಾಳಿಗೆ ಯಡೂರಿಗೆ ನಡಿ. ವೀರಭದ್ರಗ ಕಾಯಿ ಒಡಸೂಣು."

"ವೈರಿನ ದೋಷ ಬೇ ಅದು."

"ವೈರಿಗೆ ಏನ ಗೊತ್ತ ಸೇತುವಿ ಬಂತ ಅಂತ? ಅಲ್ಲೇ ಯಾಕ ಆರತೈತಿ, ಹೇಳು?"

ಇವರು ಎದ್ದು ಗಾಡಿಯ ಕಡೆ ಹೋದರು. ಅತ್ತೆಯವರ ಮಾತೇ ಖರೆ ಇರಬಹುದು ಅನ್ನಿಸಿತು ನನಗೆ.

೯ ಡಿಸೆಂಬರ್, ಶುಕ್ರವಾರ. ಅಮಾವಾಸ್ಯೆ

ಬೆಳಿಗ್ಗೆ ಗಾಡಿ ಪೂಜೆ. ದಸರೆಯಲ್ಲಿ ಮಾಡಿದರು, ದೀಪಾವಳಿಯಲ್ಲಿ ಮಾಡಿದರು, ಸೋಮವಾರ ಯಡೂರಿನಲ್ಲಿ ಮಾಡಿದರು. ಇವತ್ತು ಮತ್ತೆ. ಆರತಿ ತಟ್ಟೆ ಹಿಡಿಯುವುದು ನಾನು. ಅತ್ತೆ ದೀಪದ ಗಾಜಿಗೆ ವಿಭೂತಿ ಎಳೆದು ಕುಂಕುಮ ಇಟ್ಟರು. ಕಾಯಿ ಒಡೆದು ಎರಡೂ ಹೋಳಿನ ನೀರನ್ನು ದೀಪದ ತಲೆಯ ಮೇಲೆ, ಚಾವಿ ಹಾಕುವ ಕಡೆ, ಧಾರಾಳವಾಗಿ ಸುರಿದರು. "ಹೋಗಿ ಬಾರಪಾ, ನಮ್ಮಪ್ಪ" ಎಂದು ಗಾಡಿಗೇ ಹೇಳಿದರು.

ಸಂಜೆ ಇವರು ಗಾಡಿ ತಳ್ಳಿಕೊಂಡು ನಡೆದು ಬಂದರು.

೧೮ ಡಿಸೆಂಬರ್, ರವಿವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನಿಸಿತು. ದಿನವೂ ಆರುತ್ತಿತ್ತು. ಕಡೆಗೆ ನಾಲ್ಕು ದಿನ ಇವರು ಯಾರದೋ ಸೈಕಲ್ ಮೇಲೆ ಹೋಗಿಬಂದರು.

ಇವತ್ತು ಕಾಗವಾಡಕ್ಕೆ, ತುಕಾರಾಮ ಮೇಸ್ತ್ರಿಯ ಗ್ಯಾರೇಜಿಗೆ. ನಾನೂ ಬಳೆ ಇಡಿಸಿಕೊಳ್ಳಲು ಹೋಗಿದ್ದೆ. ಮೇಸ್ತ್ರಿ ಮರಾಠಿ-ಕನ್ನಡ ಕೂಡಿಸಿ ಮಾತಾಡುತ್ತಾರೆ. ದೀಪ ಬಿಚ್ಚಿ ಚಾವಿಯ ಸ್ವಿಚ್ ಹೊರಗೆ ಎಳೆದರು.

"ಅರೇ ಬಾಪರೇ. ಮುರಗೆಪ್ಪಣ್ಣಾ, ಇಲ್ಲಿ ನೋಡೋ."

ಒಳಗೆ ಹಸಿರು ಕಿಲುಬು. ಹುಳಿಯಾದ ವಾಸನೆ. ಇರುವೆಗಳು ಸಾಲುಗಟ್ಟಿ ವೈರಿನ ಮೇಲೆ ಓಡಾಡುತ್ತಿದ್ದವು.

"ನೀರ ಹೋಗೈತಿ ಒಳಗ, ಗುಂಡ್ಯಾಗ ಕುಲುಕಿದ್ರ ಕರೆಂಟ ಕಡೀತೈತಿ. ಗಾಡೀನ ಹೊಳ್ಯಾಗ ಈಸ ಬಿಡ್ತೀಯೇನ?"

"ಮಳೀನ ಇಲ್ಲ, ನೀರ ಎಲ್ಲಿಂದ ಬರತೈತೋ?"

"ಮಳೀ ನೀರಿಗೆ ಇರಿವಿ ಬರಂಗಿಲ್ಲ. ಚಹಾ ಕುಡಸ್ತಾನೇನ್ರಿ ವೈನಿ, ಗಾಡಿಗೆ?" ನನ್ನನ್ನು ಕೇಳಿದರು.

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಆ ವಾಸನೆ ನನಗೆ ಗೊತ್ತು. ಪೂಜೆಯ ಮರುದಿನ ತಟ್ಟೆ ತೊಳೆಯದೆ ಬಿಟ್ಟರೆ ಅದೇ ವಾಸನೆ. ಬಳೆ ನೋಡುತ್ತ ನಿಂತೆ.

ಮೇಸ್ತ್ರಿ ಕಿಲುಬು ಕೆರೆದು, ಗಾಳಿ ಹೊಡೆದು, ಸ್ವಿಚ್ಚನ್ನು ಮತ್ತೆ ಕೂಡಿಸಿದರು. "ಸದ್ಯಾಕ ನಡೀತೈತಿ. ಇನ್ನೊಮ್ಮಿ ನೀರ ಬಿತ್ತಂದ್ರ ಸ್ವಿಚ್ ಖತಂ. ಅವಾಗ ಚಾವಿ ತಿರುವಿದ್ರೂ ಹತ್ತಂಗಿಲ್ಲ, ನಡುರಸ್ತ್ಯಾಗ. ಹೊಸಾದು ಸಾಂಗಲಿಯಿಂದ ಬರಬೇಕ. ತಡಾ ಐತಿ."

ದಾರಿಯಲ್ಲಿ ಇವರ ಬೆನ್ನಿಗೆ ಹೇಳಿದೆ, ಅದು ಪೂಜೆಯ ಕಾಯಿನೀರು ಎಂದು. ಮುಖಕ್ಕೆ ಹೇಳಲು ಆಗುತ್ತಿರಲಿಲ್ಲ. ಇವರು ಗಾಡಿ ನಿಲ್ಲಿಸಿದರು.

"ಅವ್ವಗ ನಾ ಹ್ಯಾಂಗ ಹೇಳ್ಲಿ? ಅಪ್ಪ ಹೋದಂದಿನಿಂದ ಆಕಿಗೆ ಅದೊಂದ ಧೈರ್ಯ."

೨ ಜನವರಿ ೧೯೮೯

ಎರಡು ವಾರ ದೀಪ ಆರಿಲ್ಲ. ಸೇತುವೆಯ ಮೇಲೂ ಆರಿಲ್ಲ. ಅತ್ತೆ ಹೇಳುತ್ತಾರೆ, "ನೋಡಿದೇನ, ವೀರಭದ್ರ ಕಣ್ಣ ತೆರದಾನ. ಎಳ್ಳಮಾಸಿಗೆ ದೊಡ್ಡ ಕಾಯಿ ತೆಗದ ಇಟ್ಟೇನಿ."

ಆ ಕಾಯಿ ದೇವರ ಮಾಡದಲ್ಲಿದೆ. ಕಸ ಹೊಡೆಯುವಾಗ ಎತ್ತಿ ಅಲುಗಾಡಿಸಿ ನೋಡಿದೆ. ತುಂಬ ನೀರಿದೆ.

ಚಾವಿಯ ಮೇಲೆ ಪ್ಲಾಸ್ಟಿಕ್ ಕಟ್ಟುತ್ತೇನೆ, ಅವ್ವನಿಗೆ ತಿಳಿಯುವುದಿಲ್ಲ ಎಂದಿದ್ದಾರೆ ಇವರು.

೭ ಜನವರಿ, ಶನಿವಾರ. ಎಳ್ಳಮಾವಾಸ್ಯೆ. ಮಧ್ಯಾಹ್ನ

ಅತ್ತೆ ಆಳುಗಳ ಜೊತೆ ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಕೊಡಲು ಹೋಗಿದ್ದಾರೆ. ನನ್ನನ್ನು ಕರೆಯಲಿಲ್ಲ.

ಬೆಳಿಗ್ಗೆ ಪ್ಲಾಸ್ಟಿಕ್ ನೋಡಿದ ಕೂಡಲೇ ಕಿತ್ತು ಒಗೆದರು. "ದೇವರಿಗೆ ಮುಸುಕ ಹಾಕ್ತಾರೇನೋ, ಹುಚ್ಚಪ್ಯಾಲಿ!" ಇವರು ತಲೆ ತಗ್ಗಿಸಿದರು. ಅತ್ತೆ ಕಾಯಿ ಒಡೆದರು. ಹೋಳು ಎತ್ತಿದರು. ನನ್ನ ಬಲಗೈಯಲ್ಲಿ ಆರತಿ ತಟ್ಟೆ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಎಡಗೈ ಚಾವಿಯ ತೂತಿನ ಮೇಲೆ ಹೋಗಿತ್ತು.

"ಅತ್ತಿ, ಗಾಲಿಗೆ ಹಾಕ್ರಿ."

ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಆದರೆ ನೀರು ಆಗಲೇ ಬಿದ್ದಿತ್ತು. ನನ್ನ ಕೈ ಮೇಲೆ.

"ಕೈ ತೆಗಿ, ಹೊಳೆವ್ವಾ."

"ತೆಗಿಯಂಗಿಲ್ರಿ. ಈ ನೀರ ಒಳಗ ಹೋಗಿ ದೀಪ ಆರಸ್ತೈತ್ರಿ. ಕಾಗವಾಡದಾಗ ನಾನ ಕಣ್ಣಾರೆ ನೋಡೇನ್ರಿ. ಇರಿವಿ ಇದ್ದೂರಿ..."

"ದೇವರ ನೀರ, ದೀಪ ಆರಸ್ತೈತಿ? ಅದರ ಮ್ಯಾಲ ಎಡಗೈ ಇಡ್ತೀ?"

ಅತ್ತೆ ಇನ್ನೊಂದು ಹೋಳನ್ನು ಗಾಲಿಗೆ ಸುರಿದರು. "ಇವತ್ತ ಅವಗ ಏನರ ಆತಂದ್ರ ಅದು ನಿನ್ನ ಕೈಯಿಂದ ಆತು, ನೆನಪಿಡು."

ಇವರು ಚಾವಿ ಹಾಕಿ, ನನ್ನ ಕಡೆ ಒಮ್ಮೆ ನೋಡಿ ಹೋದರು.

ಬೆರಳ ಸಂದಿಯಿಂದ ಒಂದು ಹನಿ ಒಳಗೆ ಹೋಯಿತೇ? ಗೊತ್ತಿಲ್ಲ. ಕೈ ತೊಳೆದಿಲ್ಲ. ತೊಳೆಯಲು ಹೆದರಿಕೆ, ಯಾಕೆಂದು ಕೇಳಿದರೆ ಹೇಳಲಾರೆ. ಅಂಟಂಟಾಗಿದೆ. ಒಂದು ಇರುವೆ ಬಂದು ಮಣಿಕಟ್ಟಿನ ಮೇಲೆ ಹತ್ತಿದೆ.

ಅದೇ ದಿನ. ಸಂಜೆ

ಕತ್ತಲಾಯಿತು. ಚಂದ್ರನೂ ಇಲ್ಲದ ದಿನ. ಕಂದೀಲು ಪಕ್ಕದಲ್ಲಿಟ್ಟು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಅತ್ತೆಯೂ ಕಟ್ಟೆಗೆ ಬಂದು ಕೂತರು. ನಡುವೆ ಒಂದು ಮಾರು ದೂರ. ಬಾಯಲ್ಲಿ ತುತ್ತು ಇಟ್ಟಿಲ್ಲ. ನಾನೂ ಇಟ್ಟಿಲ್ಲ.

ಇವರು ದಿನಾ ಬರುವ ಹೊತ್ತು ಮೀರಿದೆ.

ಒಂದು ದೀಪ ಬಂತು. ಇಬ್ಬರೂ ಎದ್ದೆವು. ಒಂದೇ ಕಣ್ಣಿನ ಟ್ರ್ಯಾಕ್ಟರ್. ಕೂತೆವು.

"ನಿನ್ನಿ ಇಷ್ಟೊತ್ತಿಗೆ ಬಂದಿದ್ದ" ಅಂದರು ಅತ್ತೆ. ನನಗಲ್ಲ, ರಸ್ತೆಗೆ.

ಏನು ಮಾಡಿದೆ ನಾನು. ಕಾಯಿನೀರು ಬಿದ್ದಿದ್ದರೆ ಸ್ವಿಚ್ ಹೋಗುತ್ತಿತ್ತು. ಬೀಳದ್ದಕ್ಕೆ ದೇವರೇ ಸಿಟ್ಟಾಗಿದ್ದರೆ? ಯಾವುದು ಖರೆ? ವೀರಭದ್ರಪ್ಪಾ, ಸಿಟ್ಟು ನನ್ನ ಮೇಲೆ ಇರಲಿ. ಕೈ ನನ್ನದು, ಅವರದಲ್ಲ.

ಮತ್ತೊಂದು ದೀಪ... ದೂರ. ಸದ್ದು ಬರುತ್ತಿದೆ. ಫಟ್ ಫಟ್ — ಇವರದೇ. ಇವರದೇ. ಅದರ ಹಿಂದೆ ಎರಡು ದೀಪ, ಲಾರಿ, ಬಹಳ ಹತ್ತಿರ. ಅತ್ತೆ ಎದ್ದರು. ಸೇತುವೆ ಬಂತು. ಗುಂಡಿ. ದೀಪ ಕುಣಿಯಿತು.

ಅತ್ತೆ ನನ್ನ ಕೈ ಹಿಡಿದಿದ್ದಾರೆ. ಎಡಗೈ. ಅದೇ ಅಂಟುಗೈ. ಬಿಡುತ್ತಿಲ್ಲ, ಡೈರಿ ಜಾರುತ್ತಿದೆ — ಆರಲಿಲ್ಲ, ಹುಣಸೆಮರದ ಹತ್ತಿರವೂ ಇನ್ನೂ ಉರಿಯುತ್ತಿದೆ, ನಮ್ಮ ತಿರುವಿಗೆ ಹೊರಳಿ