ದಾಟುಮಕ್ಕಳ ಹೊಣೆ ಹಾಳೆ

ಕುಷ್ಟಗಿ
ಫೆಬ್ರವರಿ ೩೦, ೨೧೪೩

ನೂರು ವರ್ಷಕ್ಕೂ ಹಿಂದಿನ ತಾಯಂದಿರೇ, ತಂದೆಯಂದಿರೇ,

ನಮ್ಮ ಶಾಲೆ ಮಕ್ಕಳನ್ನು ಹೆದ್ದಾರಿಯ ನಡುವೆ ನಿಲ್ಲಿಸಿ, ದೊಡ್ಡವರನ್ನು ಗೇಟಿನ ಒಳಗೆ ನಿಲ್ಲಿಸುತ್ತದೆ. ಇದು ಅನ್ಯಾಯ. ತಾರೀಖು ನೋಡಿ ಬೆಚ್ಚಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಕೆಲವು ಪದಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಇದು ಹಿಂದಿನ ಕಾಲಕ್ಕೆ ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನಾನು ಹುಲಿಗೆಮ್ಮ ಬಡಿಗೇರ, ನನಗೆ ಹತ್ತೊಂಬತ್ತು ವರ್ಷ. ನನ್ನ ಪಾಲಿನದನ್ನು ಈಗಲೇ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಹೆದರಿಕೆಯಾಗಿದೆ.

ಶಾಲೆಯ ಮುಂದೆ ಎಂಟು ಸಾಲಿನ ರಸ್ತೆ. ಅದರ ಮೇಲೆ ತಾನೋಡಿಗಳು, ಅಂದರೆ ಚಾಲಕರಿಲ್ಲದೆ ತಾವೇ ಓಡುವ ಲಾರಿಗಳು, ಸದ್ದಿಲ್ಲದೆ ಹೋಗುತ್ತವೆ. ಬಂದದ್ದು ಗೊತ್ತಾಗುವುದು ಗಾಳಿ ಮುಖಕ್ಕೆ ಬಡಿದಾಗಲೇ. ಕಿತ್ತಳೆ ಪಟ್ಟಿ ಕಂಡರೆ ನಿಲ್ಲುವಂತೆ ಅವಕ್ಕೆ ಕಲಿಸಿದ್ದಾರೆ. ಆದ್ದರಿಂದ ದಿನಾ ಬೆಳಿಗ್ಗೆ ಆರನೇ ತರಗತಿಯ ನಾಲ್ವರು ಎದೆಗೆ ಅಡ್ಡವಾಗಿ ಆ ಪಟ್ಟಿ ಹಾಕಿಕೊಂಡು ರಸ್ತೆಗಿಳಿದು, ಕೈ ಚಾಚಿ, ಉಳಿದ ಮಕ್ಕಳನ್ನು ದಾಟಿಸುತ್ತಾರೆ. ಇವರೇ ದಾಟುಮಕ್ಕಳು. ಮಾಸ್ತರು ಗೇಟಿನ ಒಳಗೆ, ಬಿಳಿ ಗೆರೆಯ ಹಿಂದೆ ಇರುತ್ತಾರೆ. ಅವರು ಗೆರೆ ದಾಟಿದರೆ ರಸ್ತೆಯಲ್ಲಿ ಆಗುವುದಕ್ಕೆಲ್ಲ ಶಾಲೆ ಹೊಣೆ. ದಾಟದಿದ್ದರೆ ಮನೆಯವರು ಹೊಣೆ. ಹಾಗೆಂದು ಆರನೇ ತರಗತಿಯ ಎಲ್ಲರ ಮನೆಯವರಿಂದ ಜೂನ್ ತಿಂಗಳಲ್ಲೇ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿರುತ್ತಾರೆ. ದಾಟುಮಕ್ಕಳಿಗೆ ಆಗಸ್ಟ್ ಹದಿನೈದರಂದು ಬಾವುಟ ಹಿಡಿಯುವ ಮರ್ಯಾದೆ ಸಿಗುತ್ತದೆ. ಅದಕ್ಕೇ ಎಲ್ಲರೂ ಖುಷಿಯಿಂದ ಸಹಿ ಹಾಕುತ್ತಾರೆ. ಈ ವರ್ಷ ನನ್ನ ತಂಗಿಯ ಹಾಳೆಗೆ ನಮ್ಮ ಅವ್ವನೂ ಹಾಕಿದಳು.

ಕಳೆದ ವಾರ ಸುರಕ್ಷತೆಯ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ಪಟ್ಟಿಗಳು ಮಾಸಿದ್ದವು. ಹೆಡ್‌ಮಾಸ್ತರು ಅವನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಅಧಿಕಾರಿಗಳು ನೋಡುವ ತನಕ ಕೊಳೆಯಾಗಬಾರದೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಇವತ್ತೊಂದಿನ ಹಂಗ ನಿಂದರ್ರಿ, ಏನಾಕೈತಿ?" ಎಂದರು. ಮಕ್ಕಳು ಹಾಗೇ ನಿಂತರು. ನಮ್ಮ ಓಣಿಯ ಈರಮ್ಮ ಕೈ ಚಾಚಿದಳು. ಪಟ್ಟಿಯಿಲ್ಲದ ಅವಳು ತಾನೋಡಿಗೆ ಕಾಣಲಿಲ್ಲ. ಮಾಸ್ತರು ಗೆರೆಯ ಹಿಂದಿನಿಂದ ಕೂಗಿದರು, ಕೂಗುತ್ತಲೇ ಇದ್ದರು, ಗೆರೆ ದಾಟಲಿಲ್ಲ. ಈರಮ್ಮನ ಎರಡೂ ಕಾಲು ಹೋದವು. ಮಧ್ಯಾಹ್ನ ಅಧಿಕಾರಿಗಳು ಬಂದರು. ಪಟ್ಟಿಗಳು ಚೊಕ್ಕವಾಗಿದ್ದವು. ಗೆರೆ ಇತ್ತು, ಸಹಿಯೂ ಇತ್ತು. ಶಾಲೆಯ ತಪ್ಪಿಲ್ಲ ಎಂದು ಬರೆದು, ಚಹಾ ಕುಡಿದು ಹೋದರು.

ಈಗ ಈರಮ್ಮನ ಜಾಗಕ್ಕೆ ನನ್ನ ತಂಗಿ ದ್ಯಾಮವ್ವನನ್ನು ಆರಿಸಿದ್ದಾರೆ. ಹನ್ನೊಂದು ವರ್ಷ. ಕನ್ನಡಿಯ ಮುಂದೆ ನಿಂತು ಕೈ ಚಾಚುವುದನ್ನು ಕಲಿಯುತ್ತಿದ್ದಾಳೆ. ಹೋಗಬೇಡ ಎಂದರೆ, "ಅಕ್ಕಾ, ನಿನಗ ಹೊಟ್ಟಿಕಿಚ್ಚು. ನಿನ್ನ ಆರಿಸಿರ್ಲಿಲ್ಲಲ್ಲ, ಅದಕ್ಕ" ಎಂದು ನಗುತ್ತಾಳೆ. ಅವ್ವನನ್ನು ಕೇಳಿದರೆ, "ಈಗ ಹೆಸರು ತಗಸಿದ್ರ ಮಂದಿ ಏನಂದಾರು, ಯವ್ವಾ?" ಎನ್ನುತ್ತಾಳೆ. ಹೆಡ್‌ಮಾಸ್ತರ ಬಳಿಗೇ ಹೋದೆ. "ಎಲ್ಲಿ ವಕೀಲಿ ಓದಿ ಬಂದೀಯವಾ?" ಎಂದರು. ನಾನು ಓದಿದ್ದು ಕರಪತ್ರ ಮಾತ್ರ, ಸಂತೆಯಲ್ಲಿ ಪುಕ್ಕಟೆ ಹಂಚಿದವು. ಆದರೂ ಇಷ್ಟು ಬಲ್ಲೆ: ತಡೆಯುವ ಶಕ್ತಿ ಯಾರಿಗಿದೆಯೋ ಹೊಣೆ ಅವರದು. ಹನ್ನೊಂದು ವರ್ಷದ ಹುಡುಗಿಗೆ ಲಾರಿಯನ್ನು ತಡೆಯುವ ಶಕ್ತಿಯಿಲ್ಲ. ಅವಳ ಅವ್ವನ ಸಹಿಗೂ ಇಲ್ಲ.

ಆ ಹಾಳೆಯ ಮೊದಲ ಪ್ರತಿ ಅಚ್ಚಾಗುವುದು ನಿಮ್ಮ ಕಾಲದಲ್ಲಿ. ಅದಕ್ಕೆ ಸಹಿ ಹಾಕಬೇಡಿ. ಮಕ್ಕಳು ದಾಟಿಸುವುದನ್ನು ಕಲಿಯಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಅವರು ಫುಟ್‌ಪಾತಿನ ಮೇಲೆ ನಿಂತು ಗೆಳೆಯರನ್ನು ತಡೆದು ನಿಲ್ಲಿಸಲಿ ಸಾಕು. ಗಾಡಿ ನಿಲ್ಲಿಸಲು ದೊಡ್ಡವರು ರಸ್ತೆಗಿಳಿಯಲಿ, ಅದಕ್ಕೆ ಹೊಣೆ ನಮ್ಮದು ಎಂದು ಶಾಲೆ ಬರೆದುಕೊಡಲಿ.

ನಾನಂತೂ ತಂಗಿಯ ಮುಂದೆ ಹೋಗಿ ನಿಲ್ಲುತ್ತೇನೆ. ನನಗೆ ಪಟ್ಟಿ ಕೊಡುವುದಿಲ್ಲ. ತಾನೋಡಿಗೆ ನಾನು ಕಾಣುತ್ತೇನೋ ಇಲ್ಲವೋ ತಿಳಿಯದು. ಒಬ್ಬಳೇ ನಿಲ್ಲಲು ಧೈರ್ಯ ಸಾಲದು. ನೀವು ನಿಮ್ಮ ಶಾಲೆಯ ಮುಂದೆ ರಸ್ತೆಗಿಳಿಯಿರಿ, ನಾನು ನಮ್ಮ ಶಾಲೆಯ ಮುಂದೆ ಇಳಿಯುತ್ತೇನೆ. ವರ್ಷ ಬೇರೆಯಾದರೂ ವಾರ, ಹೊತ್ತು ಒಂದೇ ಇರಲಿ. ಸೋಮವಾರ, ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಸರಿಯಾಗಿ ಬನ್ನಿ.