ನಮ್ಮ ವಿಳಾಸ ಬಯಲು, ಅವನ ಹೆಸರು ಗುಟ್ಟು

ಅಂತರ್ಜಾಲದ ಹೆಸರುಗಳನ್ನು ನೋಂದಾಯಿಸುವ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ತಂಗಿ ಎಲ್ಲಿದ್ದಾಳೆ ಎಂದು ಅವಳನ್ನು ಹೊಡೆಯುತ್ತಿದ್ದ ಗಂಡನಿಗೆ ತೋರಿಸಿಕೊಟ್ಟಿದ್ದು ತಮ್ಮ ಕಚೇರಿ. ಈಗ ಅವಳ ಮಾನ ಕಳೆಯುತ್ತಿರುವವನ ಹೆಸರನ್ನು ಬಚ್ಚಿಟ್ಟು ಕಾಯುತ್ತಿರುವುದೂ ತಮ್ಮ ಕಚೇರಿಯೇ. ಎರಡನ್ನೂ ನಿಯಮದ ಪ್ರಕಾರವೇ ಮಾಡಿದ್ದೀರಂತೆ. ಸಂತೋಷ. ಆ ನಿಯಮಗಳ ನಡುವೆ ಸಿಕ್ಕಿಬಿದ್ದವರ ಮಾತನ್ನೂ ಕೊಂಚ ಕೇಳಿ.

ತಂಗಿಯನ್ನು ಧನುಶ್ರೀ ಎಂದು ಕರೆಯೋಣ; ನಿಜ ಹೆಸರು ಬರೆಯುವ ಧೈರ್ಯ ನನಗಿಲ್ಲ. ಜಗಳೂರು ಕಡೆಯ ಗಂಡನ ಮನೆ ಬಿಟ್ಟು ಅವಳು ನ್ಯಾಮತಿಗೆ, ನನ್ನ ಹತ್ತಿರ ಬಂದಳು. ಹಳೆ ಸೀರೆ ತುಂಡುಗಳಿಂದ ಅವಳು ಹೊಲಿಯುವ ಕೌದಿಗೆ ಹೊರ ಊರುಗಳಿಂದ ಬೇಡಿಕೆ ಬಂದಾಗ ಒಂದು ವೆಬ್‌ಸೈಟ್ ಮಾಡಿಸಿದೆವು. ಅದರ ಹೆಸರು ನೋಂದಾಯಿಸುವಾಗ ವಿಳಾಸ ಕೇಳಿದರು. ನಮ್ಮ ಕಡೆ ವಿಳಾಸವೆಂದರೆ ಬಾಗಿಲ ಸಂಖ್ಯೆಯಲ್ಲ, ಗುರುತು. ಗುರುತು ಬರೆಯದಿದ್ದರೆ ಪೋಸ್ಟಿನವರೂ ಬೈಯುತ್ತಾರೆ. ಹಾಗಾಗಿ ಅವಳು ಬರೆದಳು: ರಂಗಣ್ಣನ ಹಿಟ್ಟಿನ ಗಿರಣಿ ಹಿಂದೆ, ಹೊರಗಡೆ ಮೆಟ್ಟಿಲು, ಮೇಲೆ ನೀಲಿ ಬಾಗಿಲು. ಕಚೇರಿ ಕೇಳಿದ್ದಕ್ಕೆ ಸುಳ್ಳು ಬರೆಯಬಾರದೆಂಬುದು ನಮ್ಮ ಮನೆಯವರ ದಡ್ಡತನ.

ಅದು ಜಗತ್ತಿಗೆಲ್ಲ ಕಾಣುವ ದಾಖಲೆ ಎಂದು ಯಾರೂ ಹೇಳಲಿಲ್ಲ. ಚನ್ನಗಿರಿ, ಹೊನ್ನಾಳಿ ಎಂದು ನಂಟರ ಮನೆಗಳನ್ನೆಲ್ಲ ಜಾಲಾಡಿದರೂ ಅವಳನ್ನು ಹುಡುಕಲಾಗದಿದ್ದ ಮನುಷ್ಯ ಒಂದು ಬೆಳಿಗ್ಗೆ ನೇರ ನಮ್ಮ ಮೆಟ್ಟಿಲ ಮೇಲೆ ನಿಂತಿದ್ದ.

"ಯಾರನ್ನೂ ಕೇಳಾಕೆ ಹೋಗ್ಲಿಲ್ಲ. ಎಲ್ಲಾ ನೀನೇ ಬರ್ದಿಟ್ಟೀಯಲ್ಲ," ಎಂದ.

ಗಿರಣಿಗೆ ಜೋಳ ತಂದಿದ್ದ ಹೆಂಗಸರು ಕೂಗು ಕೇಳಿ ಮೇಲೆ ಹತ್ತಿ ಬಾರದಿದ್ದರೆ ಏನಾಗುತ್ತಿತ್ತೋ. ಆ ವಾರವೇ ಮನೆ ಖಾಲಿ ಮಾಡಿ ಬೇರೆ ಊರಿಗೆ ಬಂದೆವು.

ಆಮೇಲೆ ತಮಗೆ ಜನರ ಖಾಸಗಿತನದ ಮೇಲೆ ಪ್ರೀತಿ ಉಕ್ಕಿತು. ದಾಖಲೆಗಳಿಗೆಲ್ಲ ಪರದೆ ಎಳೆದಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆದರೂ ಅದನ್ನು ನಾನು ಹಳಿಯುವುದಿಲ್ಲ. ಆದರೆ ಆ ಪರದೆಯ ಹಿಂದೆ ಯಾರು ಹೋಗಿ ಕೂತರು, ನೋಡಿದಿರಾ? ಧನುಶ್ರೀಯದೇ ವೆಬ್‌ಸೈಟ್ ಎನ್ನುವಂಥ ಇನ್ನೊಂದು ಹುಟ್ಟಿಕೊಂಡಿತು. ಅದರಲ್ಲಿ ಅವಳ ಫೋಟೊ, ಅವಳ ಫೋನ್ ನಂಬರು, ಕೆಳಗೆ ನಾನಿಲ್ಲಿ ಬರೆಯಲಾರದ ಮಾತು. ಗೊತ್ತಿಲ್ಲದ ಗಂಡಸರು ಫೋನ್ ಮಾಡಿ ರೇಟು ಕೇಳುತ್ತಾರೆ. ಯಾರ ಕೆಲಸವೆಂದು ಗುಮಾನಿ ಇದೆ, ಪುರಾವೆ ಇಲ್ಲ. ಠಾಣೆಯ ಸಾಹೇಬರು ಒಳ್ಳೆಯವರೇ. ತಮಗೆ ಮೇಲಿಂದ ಮೇಲೆ ಬರೆದರು. ಖಾಸಗಿ ಮಾಹಿತಿ ಕೊಡಲಾಗದು ಎಂದು ಉತ್ತರ ಬಂತು. "ಹೆಸ್ರೇ ಗೊತ್ತಿಲ್ದೆ ಯಾರನ್ನ ಹಿಡ್ಕೊಂಡ್ ಬರ್ಲಮ್ಮ?" ಎಂದು ಅವರು ನನ್ನನ್ನೇ ಕೇಳಿದರು.

ಖಾಸಗಿತನ ಬೇಡವೆನ್ನಲು ನನಗೇನು ಹುಚ್ಚೇ? ಅದಿಲ್ಲದಿದ್ದರೆ ಏನಾಗುತ್ತದೆಂದು ತಮಗಿಂತ ನನಗೆ ಚೆನ್ನಾಗಿ ಗೊತ್ತು. ದಾರಿಹೋಕರಿಗೆ ಹೆಸರು ಮುಚ್ಚಿಡಿ. ತನಿಖೆ ಮಾಡುವವರಿಗೆ, ಕಾರಣ ಬರೆಸಿಕೊಂಡು, ತಡಮಾಡದೆ ತೆರೆಯಿರಿ. ಯಾರು ನೋಡಿದರು, ಏಕೆ ನೋಡಿದರು ಎಂಬುದೂ ದಾಖಲಾಗಲಿ. ಕಳ್ಳನಿಗೂ ಕಳಕೊಂಡವರಿಗೂ ಒಂದೇ ಪರದೆ ಹೊದಿಸುವುದು ಯಾವ ನ್ಯಾಯ?

ಕಡೆಗೆ ತಾವೊಂದು ದಾರಿ ತೋರಿದಿರಿ. ಧನುಶ್ರೀಯೇ ಖುದ್ದು ದೂರು ಕೊಡಬೇಕು. ಅದರಲ್ಲಿ ಅವಳ ಈಗಿನ ಪೂರ್ತಿ ವಿಳಾಸ ಇರಬೇಕು. ದೂರಿನ ಒಂದು ಪ್ರತಿಯನ್ನು, ಅವನ ಅಹವಾಲೂ ಕೇಳಬೇಕಲ್ಲ, ಆ ಹೆಸರಿಲ್ಲದವನಿಗೆ ತಾವೇ ಕಳಿಸುತ್ತೀರಿ. ಇದನ್ನು ಅವಳಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು.

"ಹಂಗಾದ್ರೆ ಈ ಸಲ ಅವನು ಹುಡುಕಾಕೂ ಹೋಗಂಗಿಲ್ಲ ಬಿಡಕ್ಕ," ಎಂದಳು.

ದೂರು ಕೊಡದಿದ್ದರೆ ಫೋನು ನಿಲ್ಲುವುದಿಲ್ಲ, ಕೊಟ್ಟರೆ ಅವನು ಬರುತ್ತಾನೆ. ಅತ್ತ ದರಿ, ಇತ್ತ ಪುಲಿ. ಆದ್ದರಿಂದ ನನ್ನ ಒತ್ತಾಯ ಇಷ್ಟೇ: ದೂರು ಕೊಟ್ಟವಳ ವಿಳಾಸ ಗುಟ್ಟಾಗಿಟ್ಟು, ಅವನ ಹೆಸರನ್ನು ಪೊಲೀಸರಿಗೆ ಕೊಡಿ. ಉತ್ತರವನ್ನು ಈ ಪತ್ರ ಅಚ್ಚಾದ ಪತ್ರಿಕೆಯಲ್ಲೇ ಪ್ರಕಟಿಸಿ. ನಮ್ಮ ಮನೆಗೆ ಕಳಿಸಬೇಡಿ. ನಮ್ಮ ಮನೆ ಎಲ್ಲಿದೆಯೆಂದು ತಮಗೆ ಹೇಳಲು ನನಗೆ ಭಯವಾಗುತ್ತದೆ.

ಇಂತಿ,
ಎಲ್ಲೋ ಒಂದು ಕಡೆ ಚಿಲಕ ಹಾಕಿಕೊಂಡು ಕೂತಿರುವ
ಒಬ್ಬ ಅಕ್ಕ